ಜೊತೆಗಾತಿ ಬರಲಿಲ್ಲ

...ನಗ್ತೀಯಾ? ನಗು, ನಗು. ಇಡೀ ವಿಶ್ವವಿದ್ಯಾಲಯವೇ ನಗ್ತಿರುವಾಗ ನನ್ನ ಮಗಳೊಬ್ಬಳು ಯಾಕೆ ಬಾಕಿ ಉಳೀಬೇಕು! ಆದರೆ ಒಂದು ಮಾತು ಹೇಳಮ್ಮ. ಅಲ್ಲಿ ವ್ಯಾಯಾಮದ ಮೇಷ್ಟ್ರು ಯಾರು, ನಾನೋ, ಆ ಮನಶ್ಶಾಸ್ತ್ರದವನೋ? ಅವನ ಹೊಟ್ಟೆ ನೋಡಿದ್ದೀಯಲ್ಲ, ಅವನಿಗಿಂತ ಮೊದಲು ಅದು ತರಗತಿಯೊಳಗೆ ಕಾಲಿಡುತ್ತೆ! ಹೊಟ್ಟೆ ಕಾಲಿಡೋದು ಅಂದ್ರೆ... ಬಿಡು, ನಿನಗೆ ಅರ್ಥವಾಯ್ತಲ್ಲ.

ಅವನು ಹುಡುಗರಿಗೆ ನಡೆಯೋದು ಕಲಿಸ್ತಾನಂತೆ! ನಾನು ಸೀಟಿ ಊದಿ ಊದಿ ಕೆನ್ನೆ ಜೋತುಬಿತ್ತು, ಒಬ್ಬನೂ ಹಾಸ್ಟೆಲಿನ ಮಂಚ ಬಿಟ್ಟು ಏಳಲಿಲ್ಲ. ಇವನು ಬಂದ. ಸೀಟಿ ಇಲ್ಲ, ಗದರಿಕೆ ಇಲ್ಲ. ಇಬ್ಬಿಬ್ಬರನ್ನ ಜೋಡಿ ಮಾಡಿದ, ಅಷ್ಟೇ! ಒಬ್ಬರ ಬಾಗಿಲಿಗೆ ಇನ್ನೊಬ್ಬರು ಬಂದು ನಿಲ್ಲಬೇಕು. ಕೂಗಬಾರದು, ಫೋನ್ ಮಾಡಬಾರದು, ಸುಮ್ಮನೆ ಕಾಯಬೇಕು. 'ಮೈ ಚೆನ್ನಾಗಿರಲಿ ಅಂತ ಯಾರೂ ಏಳಲ್ಲ ಸಾರ್, ಯಾರೋ ಕಾಯ್ತಿದ್ದಾರೆ ಅಂತ ಏಳ್ತಾರೆ.' ನನಗೇ ಪಾಠ! ಅದೂ ನನ್ನ ಕೋಣೇಲಿ ಕೂತು, ನನ್ನ ಟೀ ಕುಡೀತಾ! ಈಗ ಸಂಜೆಯಾದರೆ ಮೈದಾನದಲ್ಲಿ ನಿಲ್ಲೋಕೆ ಜಾಗವಿಲ್ಲ. ಕುಲಪತಿಗಳು ಅವನ ಬೆನ್ನು ತಟ್ಟಿದರು. ನನಗೆ? 'ಮೇಷ್ಟ್ರೇ, ಸ್ವಲ್ಪ ಮೈದಾನದ ದೀಪ ಹಾಕಿಸಿ' ಅಂದರು.

ಹೊಟ್ಟೆಕಿಚ್ಚಾ? ನನಗಾ? ಹಾಗೆ ಹುಬ್ಬೇರಿಸಬೇಡ. ದೇವರು ಮೆಚ್ಚೋ ಮಾತು ಹೇಳ್ತೀನಿ, ಊರ ಮಕ್ಕಳೆಲ್ಲ ಅವನ ಹಿಂದೆ ಹೋಗಲಿ, ನನಗೇನು! ಆದರೆ ನೀನು... ಚಿಕ್ಕಂದಿನಿಂದ ಎಷ್ಟು ಕರೆದೆ! ಬಾ ಮಗಳೇ, ಅಪ್ಪನ ಜೊತೆ ಒಂದು ಸುತ್ತು, ಒಂದೇ ಒಂದು ಸುತ್ತು. 'ಕಾಲು ನೋವು', 'ನಾಳೆ ನೋಡೋಣ'. ಆ ನಾಳೆ ನನ್ನ ಪಾಲಿಗೆ ಬರಲೇ ಇಲ್ಲ. ಈಗ ಅವನು ನಿನಗೆ ಜೋಡಿ ಮಾಡಿದ ಆ ಗುಬ್ಬಿಯಂಥ ಹುಡುಗಿ ಬಾಗಿಲಿಗೆ ಬಂದು ನಿಂತರೆ ಸಾಕು, ತಿನ್ನೋ ತಟ್ಟೆ ಅಲ್ಲೇ ಬಿಟ್ಟು ಓಡ್ತೀಯ!

ಎಲ್ಲಿ ಇವತ್ತು ನಿನ್ನ ಜೊತೆಗಾತಿ? ಶೂ ಹಾಕ್ಕೊಂಡು ಆಗಿನಿಂದ ಕೂತಿದ್ದೀಯ. ಬರಲಿಲ್ಲ ತಾನೇ? ಅದಕ್ಕೇ ಹೇಳೋದು, ಕಾರ್ಯಕ್ರಮದ ನೆಂಟಸ್ತನ ಕಾರ್ಯಕ್ರಮ ಇರೋವರೆಗೆ. ಹೆತ್ತ ಅಪ್ಪ ಹಾಗಲ್ಲ. ಏಳು, ನಾನಿದ್ದೀನಿ, ಹೋಗೋಣ. ...ಮತ್ತೆ ಯಾಕೆ ಕಿಟಕಿ ಕಡೆ ನೋಡ್ತೀಯ? ಬಿಡಮ್ಮ, ಮಲಗಿರ್ತಾಳೆ ಪಾಪ. ಮೂಗು ಕಟ್ಟಿ ಮಾತೇ ಹೊರಡ್ತಿರಲಿಲ್ಲ, ಕಣ್ಣೆಲ್ಲ ಕೆಂಪು...

ಯಾಕೆ ಹಾಗೆ ನೋಡ್ತೀಯ?

ನೆಗಡಿ ಅಂತ ನಿನ್ನೆ ನೀನೇ ಹೇಳಿದೆಯಲ್ಲ! ಹೇಳಲಿಲ್ವಾ? ಹಾಗಾದ್ರೆ ನಿಮ್ಮಮ್ಮ... ಮಾತಾಡು ಮಗಳೇ. ಏನಾದರೂ ಅನ್ನು.

...ಹೂಂ. ಇವತ್ತೂ ಬಂದಿದ್ದಳು. ನೀನು ಒಳಗೆ ಜಡೆ ಹಾಕ್ಕೊಳ್ತಿದ್ದೆ. ನಾನೇ ಅವಳಿಗೆ 'ಇನ್ಮೇಲೆ ನನ್ನ ಮಗಳು ನಿನ್ನ ಜೊತೆ ಬರಲ್ಲವಂತೆ, ನಿನ್ನೆದುರು ಹೇಳೋಕೆ ಅವಳಿಗೆ ಸಂಕೋಚ' ಅಂದೆ. ಯಾಕೆ ಅಂತಲೂ ಕೇಳಲಿಲ್ಲ ಆ ಹುಡುಗಿ. 'ಸರಿ ಅಂಕಲ್' ಅಂದಳು. ಗೇಟಿನ ಹತ್ತಿರ ಒಂದು ಸಲ ತಿರುಗಿ ನೋಡಿದಳು... ಹೋದಳು.

ಎಲ್ಲಿಗೆ? ಅವಳ ಮನೆಗಾ? ನಿಲ್ಲೇ, ಒಂದು ನಿಮಿಷ, ನಾನೂ ಶೂ... ಬೇಡವಾ. ಸರಿ.

ಬಾಗಿಲು ಹಾಗೆ ಮೆಲ್ಲಗೆ ಎಳೀಬೇಡ ಮಗಳೇ! ದಡಾರಂತ ಹಾಕು... ಬೈದಾದರೂ ಹೋಗು!