ಫ್ರೀಜರ್‌ನಲ್ಲಿಟ್ಟ ಫಿಲ್ಟರ್

ಟ್ರೆಕ್ಕಿಂಗ್ ಸಾಮಾನಿನ ಅಂಗಡಿಯಲ್ಲಿ ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಗಂಡ ಗೋಡೆಗೆ ನೇತುಹಾಕಿದ್ದ ನೀರಿನ ಫಿಲ್ಟರ್ ತೋರಿಸಿದರು. ಮೇಲೊಂದು ಚೀಲ, ಕೆಳಗೊಂದು ಚೀಲ, ನಡುವೆ ಸೋಸುವ ಕೊಳವೆ.

"ನಮಗೂ ಇಂಥದ್ದೊಂದು ಕೊಡಪ್ಪ. ಮನೇಲಿದ್ದಿದ್ದನ್ನ ಮಗಳು, ಮೊಮ್ಮಗಳು ಕಾಡಿಗೆ ತಗೊಂಡು ಹೋಗಿದ್ದಾರೆ."

"ಅದು ಚೆನ್ನಾಗಿದೆಯಾ?" ಅಂದ ಅಂಗಡಿಯವ.

"ಮೊದಲು ಹನಿಹನಿ ತೊಟ್ಟಿಕ್ತಿತ್ತು. ಈಗ ನಲ್ಲಿ ಬಿಟ್ಟಂಗೆ ಬರುತ್ತೆ! ತೊಳೆದು, ಕ್ರಿಮಿ ಸಾಯಲಿ ಅಂತ ಒಂದು ದಿನ ಫ್ರೀಜರ್‌ನಲ್ಲಿಟ್ಟಿದ್ದೆ."

"ಬಟಾಣಿ ಪಕ್ಕದಲ್ಲಿ," ಅಂತ ಹೆಂಡತಿ ನಕ್ಕರು.

ಅಂಗಡಿಯವ ನಗಲಿಲ್ಲ. "ಒದ್ದೆ ಇದ್ದಾಗಲೇ ಇಟ್ರಾ?"

"ಹೂಂ. ಯಾಕೆ?"

"ಕೊಳವೆಯೊಳಗೆ ಕೂದಲೆಳೆಯಂಥ ನಳಿಗೆಗಳಿರ್ತವೆ ಸಾರ್. ನೀರು ಹೆಪ್ಪುಗಟ್ಟಿದ್ರೆ ಸೀಳಿ ಹೋಗ್ತವೆ. ಹೊರಗಡೆ ಏನೂ ಗೊತ್ತಾಗಲ್ಲ."

"ನೀರು ಸರಾಗವಾಗಿ ಬರ್ತಿದೆಯಲ್ಲಪ್ಪಾ."

"ಅದೇ ನನಗೆ ಭಯ. ಸೋಸದೇ ಬರ್ತಿರಬಹುದು. ಕುದಿಸಿ ಕುಡೀರಿ ಅಂತ ಈಗಲೇ ಹೇಳಿ."

"ಒಲೆ ಒಯ್ದಿಲ್ಲ."

"ನೀರಿಗೆ ಹಾಕೋ ಮಾತ್ರೆ?"

ಗಂಡ ಕೌಂಟರ್ ಹಿಡಿದುಕೊಂಡರು. "ಬ್ಯಾಗಿಂದ ನಾನೇ ತೆಗೆಸಿದೆ. ಇದಿರುವಾಗ ಅದ್ಯಾಕೆ ಅಂದೆ."

ಹೆಂಡತಿ ಆಗಲೇ ಫೋನು ಕಿವಿಗಿಟ್ಟುಕೊಂಡು ಬಾಗಿಲ ಕಡೆ ಹೊರಟಿದ್ದರು. ಗಂಡ ಹಿಂದೆಯೇ ಓಡಿದರು.

"ಸಿಕ್ಕಿದ್ಳಾ?"

"ಇಲ್ಲ. ನಾಳಿದ್ದಿನವರೆಗೂ ಸಿಗ್ನಲ್ ಇರಲ್ಲ ಅಂದಿದ್ಳಲ್ಲ."

"ಕೊನೇ ಮೆಸೇಜ್ ಏನಿತ್ತು? ಇನ್ನೊಂದ್ಸಲ ಓದೇ."

ಹೊಸ್ತಿಲ ಮೇಲೆ ನಿಂತು ಹೆಂಡತಿ ಓದಿದರು: "ಅಪ್ಪಾ, ನಿನ್ನ ಉಪಾಯಕ್ಕೆ ಶಭಾಷ್! ಹಳ್ಳದ ನೀರು ಎರಡೇ ನಿಮಿಷಕ್ಕೆ ಇಳೀತು. ಪುಟ್ಟಿ ಒಂದು ಬಾಟಲಿ ಪೂರ್ತಿ ಕುಡಿದ್ಳು."