ರಾಹೇರಾಳ ಗದ್ದ

ಆ ರಾತ್ರಿ ಪಿರಿಪಿ ಸ್ಮಶಾನದ ದಾರೀಲೇ ಮನೆಗೆ ಬಂದ. ಇನ್ನೊಂದು ದಾರಿ ಉಬ್ಬರದ ನೀರಲ್ಲಿ ಮುಳುಗಿತ್ತು. ಇಲ್ದಿದ್ರೆ ನಮ್ಮ ಹೊಕಿಯಾಂಗಾದಲ್ಲಿ ಅಷ್ಟು ಹೊತ್ತಲ್ಲಿ ಯಾರೂ ಆ ಕಡೆ ಸುಳಿಯಲ್ಲ.

ಪಿರಿಪಿ ನಮ್ಮ ಚಿಕ್ಕಪ್ಪನ ಮಗ. ಇಬ್ಬರದೂ ಒಂದೇ ಮನೆ. ಬಿಳಿಯರು ಗಾಜಿನ ಮೇಲೆ ತೆಗೆದ ನಮ್ಮ ಹಿರೀಕರ ಫೋಟೋಗಳನ್ನ ನೋಡಿ ಆಳೆತ್ತರದ ಚಿತ್ರ ಬರೀತಾನೆ. ಫೋಟೋದಲ್ಲಿ ಇದ್ದದ್ದು ಇದ್ದ ಹಾಗೇ, ಒಂದು ಕೂದಲೂ ಆಚೀಚೆ ಇಲ್ಲ. ಅದರಿಂದಲೇ ಅವನಿಗೆ ಹೆಸರು. ಆಕ್ಲೆಂಡಿನ ದೊಡ್ಡ ಗ್ಯಾಲರಿಯವರು ಮೊದಲ ಸಲ ಪ್ರದರ್ಶನಕ್ಕೆ ಕರೆದಿದ್ರು, ಬೆಳಗಾದ್ರೆ ಚಿತ್ರ ಒಯ್ಯೋಕೆ ಲಾರಿ ಬರೋದಿತ್ತು.

ಹೋಗೋ ಮುಂಚೆ ಊರವರಿಗೆ ತೋರಿಸೋಣ ಅಂತ ಸಂಜೆ ಒಂದು ಚಿತ್ರ ಊರವರೆಲ್ಲ ಸೇರೋ ಸಭೆಮನೆಗೆ, ಮರಾಏಗೆ, ಒಯ್ದಿದ್ದ. ನಮ್ಮ ಅಜ್ಜಿಯ ಅಜ್ಜಿ ರಾಹೇರಾಳ ಚಿತ್ರ. ಮೆರೆಯಾನಾ ದೊಡ್ಡಮ್ಮ ಒಂದೇ ಸಲ ನೋಡಿದ್ರು.

"ಗದ್ದದ ಮೇಲೆ ಉಳಿಯಿಂದ ಕೆತ್ತಿದ ಹಚ್ಚೆ ಎಲ್ಲೋ?"

"ಫೋಟೋದಲ್ಲಿ ಇಲ್ವಲ್ಲ ದೊಡ್ಡಮ್ಮ."

"ಆ ಕಾಲದ ಗಾಜಿಗೆ ಹಚ್ಚೆಯ ನೀಲಿ ಕಾಣ್ತಿರಲಿಲ್ಲ ಕಣೋ ದಡ್ಡ! ಬರೀ ಗದ್ದದಲ್ಲಿ ಅವಳನ್ನ ಊರ ಮುಂದೆ ನಿಲ್ಲಿಸ್ತೀಯಾ?"

"ಫೋಟೋ ಹೇಗಿದೆಯೋ ಹಾಗೆ ಬರೆಯೋದು ನನ್ನ ಕಸುಬು," ಅಂದು ಮುಖ ಊದಿಸ್ಕೊಂಡು ಹೊರಟ. ಚಿತ್ರ ನಾನೇ, ನೀರೇರೋ ಮುಂಚೆ, ವ್ಯಾನಲ್ಲಿ ತಂದೆ. ಅವನು ಹತ್ತಲಿಲ್ಲ, ನಡ್ಕೊಂಡೇ ಬರ್ತೀನಿ ಅಂದ.

ಸ್ಮಶಾನದ ಬಾಗಿಲ ಹತ್ರ ದೊಡ್ಡ ಪೊಹುಟುಕಾವಾ ಮರ. ಅದರ ಬುಡದಲ್ಲಿ ನಲ್ಲಿ... ಒಳಗೆ ಹೋಗಿ ಬಂದವರು ಕೈ ತೊಳ್ಕೊಳ್ಳೋಕೆ. ಕಾಲಡಿ ಜಲ್ಲಿ ಕರಕ್... ಕರಕ್... ಆಮೇಲೆ ಇನ್ನೊಂದು ಸದ್ದು. ನಲ್ಲಿ ನೀರು ಸರ್ರ್ ಅಂತ ಬಂತು. ನಿಂತಿತು.

ಮರದ ಕೆಳಗೆ ಒಬ್ಬ ಹೆಂಗಸು. ಕಂಬಳಿ ಮೂಗಿನವರೆಗೆ ಹೊದ್ದಿದ್ಲು.

"ದೊಡ್ಡಮ್ಮ... ನೀವಾ? ಇನ್ನೂ ಕೋಪಾನಾ?"

"ನನ್ನ ಹೀಗೇ ಕಳಿಸ್ತೀಯಾ?" ಪಿಸುದನಿ.

"ಎಲ್ಲಿಗೆ?"

ಅವಳು ಕಂಬಳಿ ಇಳಿಸಿದಳು. ಮುಖ ನಮ್ಮ ನಿಮ್ಮ ಹಾಗೆ, ಜೀವಂತ. ತುಟಿಯಿಂದ ಕೆಳಗೆ ಮಾತ್ರ... ಬೂದು ಬಣ್ಣ. ಹಸಿ ಬಣ್ಣ. ಕುಂಚದ ಗೆರೆಗಳು ಎದ್ದು ಕಾಣ್ತಿದ್ವು. ಅವು ತನ್ನದೇ ಕುಂಚದ ಗೆರೆ ಅಂತ ಪಿರಿಪಿಗೆ ಗೊತ್ತಾಯ್ತು.

ಹೇಗೆ ಓಡಿ ಬಂದನೋ! ನಾನು ಬಾಗಿಲು ತೆಗೆದದ್ದೇ ತಡ, ಕಂಡದ್ದೆಲ್ಲ ಒಂದೇ ಉಸಿರಲ್ಲಿ ಹೇಳಿದ.

"ಆ ಚಿತ್ರ ಕಳಿಸ್ಬೇಡ," ಅಂದೆ.

"ಕಳಿಸ್ದಿದ್ರೆ ಅವರು ನನ್ನನ್ನ ಇನ್ಯಾವತ್ತೂ ಕರೆಯಲ್ಲ."

"ಹಂಗಾದ್ರೆ ಹಚ್ಚೆ ಬರೆದು ಕಳಿಸು ಮಾರಾಯ!"

"ಯಾವ ಗೆರೆ ಅಂತ ಬರೀಲಿ? ಒಬ್ಬೊಬ್ಬರದು ಒಂದೊಂದು ಥರ. ಅವಳದು ನೋಡಿದವರು ಯಾರಿದ್ದಾರೆ? ಮನಸ್ಸಿಗೆ ಬಂದದ್ದು ಗೀಚಿದ್ರೆ ಅದು ಬೇರೆ ಯಾರದೋ ಮುಖ."

ಬೆಳಿಗ್ಗೆ ಲಾರಿ ಬಂತು. ಕಳಿಸಿಯೇ ಬಿಟ್ಟ. ನಂಗೆ ಮೈಯೆಲ್ಲ ಉರಿದುಹೋಯ್ತು.

ಆ ರಾತ್ರಿ ಪಕ್ಕದಲ್ಲಿ ಪಿರಿಪಿ ಮಲಗೋ ಕೋಣೆಯಿಂದ ಸದ್ದು. ಟಕ್... ಟಕ್... ಟಕ್. ಸಣ್ಣ ಉಳಿ ಮೇಲೆ ಕೊಡತಿ ಬಿದ್ದ ಹಾಗೆ. ಆದ್ರೆ ಮರದ ಮೇಲಲ್ಲ. ಮರದ ಸದ್ದು ನಂಗೆ ಗೊತ್ತಿಲ್ವಾ, ದೋಣಿ ಮಾಡೋನು ನಾನು. ಇದು ಮೇಲೆ ಮೆತ್ತಗಿದ್ದು, ಒಳಗೆ ಗಟ್ಟಿ ಇರೋದರ ಸದ್ದು. ಏಳೋಕೆ ಧೈರ್ಯ ಬರಲಿಲ್ಲ, ನಾಚಿಕೆ ಇಲ್ದೆ ಹೇಳ್ತೀನಿ. ತಲೆ ಮೇಲೆ ದಿಂಬು ಒತ್ಕೊಂಡು ಮಲಗಿದೆ.

ಬೆಳಿಗ್ಗೆ ನೋಡಿದ್ರೆ ಅವನಿಗೆ ಗಾಯ ಇಲ್ಲ, ರಕ್ತ ಇಲ್ಲ. ಏನೂ ಕೇಳಿಸಲೇ ಇಲ್ಲ ಅಂದ. ಆದ್ರೂ ಎರಡು ದಿನ ಏನೂ ಅಗಿಯೋಕಾಗದೆ ಬರೀ ಗಂಜಿ ಕುಡಿದ.

ಆಮೇಲೆ ಗಡ್ಡ ಬಂತು. ತುಟಿ ಕೆಳಗೆ ಸುರುಳಿ ಸುರುಳಿಯಾಗಿ ಕೆಲವು ಗೆರೆ... ಅಲ್ಲಿ ಮಾತ್ರ ಕೂದಲಿಲ್ಲ. ಮೆರೆಯಾನಾ ದೊಡ್ಡಮ್ಮ ಬಂದು ಅದರ ಮೇಲೆ ಬೆರಳಾಡಿಸಿದ್ರು. ನಮ್ಮಲ್ಲಿ ಹಿರಿಯರಿಗೆ ನಮಸ್ಕಾರ ಮಾಡೋ ಹಾಗೆ ಅವನ ಮೂಗಿಗೆ ಮೂಗು ಒತ್ತಿ, "ಬಂದೆಯಾ ಅಜ್ಜಿ," ಅಂತ ಗೊಳೋ ಅಂತ ಅತ್ತರು.

ಪಿರಿಪಿ ಚಿತ್ರ ವಾಪಸ್ ತರಿಸಿದ. ಗ್ಯಾಲರಿಯವರು ಸಿಟ್ಟಾದ್ರು, ಇವತ್ತಿಗೂ ಕರೆದಿಲ್ಲ. ಕನ್ನಡಿ ಮುಂದೆ ಕೂತು, ತನ್ನ ಗದ್ದ ನೋಡಿ ನೋಡಿ, ಅವಳ ಗದ್ದ ಬರೆದ. ಅಷ್ಟಾದ ಮೇಲೆ ಎಲ್ಲ ಸರಿಹೋಗುತ್ತೆ ಅಂದ್ಕೊಂಡ್ವಿ.

ಪಿರಿಪಿ ಗದ್ದದ ಆ ಗೆರೆಗಳಲ್ಲಿ ಇವತ್ತಿಗೂ ಒಂದು ಕೂದಲು ಹುಟ್ಟಿಲ್ಲ. ನಗ್ತೀರಾ? ನಾಳೆ ಬೆಳಿಗ್ಗೆ, ಅವನು ಗಡ್ಡ ಹೆರೆಯೋ ಮುಂಚೆ, ಬಂದು ನೋಡಿ.