ಬಾಗಿಲು ಕಾಯುವವನ ಹತ್ತು ಅಂಕ

ಮಕ್ಕಳು ಮಲಗಿದ್ವಾ? ಸರಿ, ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಗಂಟಲು ಹರ್ಕೊಂಡು ಹೇಳೋ ಶಕ್ತಿ ನನಗಿಲ್ಲ. ಬೆಳಿಗ್ಗೆಯಿಂದ ಹೊಲಿಗೆ ಮಿಷನ್ ತುಳಿದು ಸೊಂಟ ಬಿದ್ದುಹೋಗಿದೆ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ, ನನ್ನ ಗಂಟೇನೂ ಹೋಗಲ್ಲ. ಆದ್ರೆ ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ನನ್ನ ದೊಡ್ಡಮ್ಮನ ಮಗಳಿಗೆ ಆಗಿದ್ದು. ಕಾಲೇಜಲ್ಲಿ ನಾಟಕದ ಪಾಠ ಮಾಡ್ತಾಳಲ್ಲ, ಅಕ್ಕ... ಅವಳಿಗೆ.

ಅವತ್ತು ಅವಳ ಕಾಲೇಜಲ್ಲೇ ನಡೀತಿದ್ದ ಪರೀಕ್ಷೆ ಪೇಪರ್ ತಿದ್ದೋ ಕ್ಯಾಂಪಿನ ಕೊನೇ ದಿನ. ಹನ್ನೊಂದು ದಿನದಿಂದ ದಿನಕ್ಕೆ ನಲವತ್ತು ಪೇಪರ್ ತಿದ್ದಿದ್ದಾಳೆ. ಹೊರಗೆ ಬಂದಾಗ ಎಂಟೂವರೆ, ಬಸ್ಸು ಹೋಗಿತ್ತು. ನಡ್ಕೊಂಡೇ ಹೊರಟಳು. ದಾರೀಲಿ ಒಂದು ಹಳೇ ಬಾವಿ ಇದೆ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದಾರೆ. ಅಲ್ಲಿ ಒಂದು ಬೀದಿದೀಪ ಇದೆ, ಹೆಸರಿಗೆ. ಅಕ್ಕನ ಚಪ್ಪಲಿ ಸರ್... ಸರ್... ಅಂತ ಎಳೀತಾ ಇತ್ತು. ಕಾಲು ಎತ್ತಿ ಇಡೋಕೂ ಆಗದಷ್ಟು ಸುಸ್ತು.

ತಡೀರಿ, ಮೊದಲು ನಾಟಕ ಹೇಳಬೇಕು. ಇಲ್ಲಾಂದ್ರೆ ನಿಮಗೆ ತಲೆಬುಡ ಗೊತ್ತಾಗಲ್ಲ.

ಅದೊಂದು ಹಳೇ ನಾಟಕ. ಅಕ್ಕ ಇಪ್ಪತ್ತಾರು ವರ್ಷದಿಂದ ಪಾಠ ಮಾಡ್ತಿರೋದು ಅದನ್ನೇ. ಒಂದು ಕೋಟೆ, ಅದರ ಬಾಗಿಲಿಗೆ ಒಳಗಿಂದ ಅಡ್ಡಕ್ಕೆ ಎಣ್ಣೆ ಹಚ್ಚಿದ ಭಾರೀ ತೊಲೆ, ಅದಕ್ಕೊಬ್ಬ ಬಾಗಿಲು ಕಾಯೋನು. ಹೊರಗೆ ಶತ್ರುಗಳು. ಅವನ ಸ್ವಂತ ತಮ್ಮ ಸುದ್ದಿ ತಿಳ್ಕೊಂಡು ಬರೋಕೆ ಹೊರಗೆ ಹೋಗಿರ್ತಾನೆ. ರಾತ್ರಿ ಓಡಿ ಬಂದು ಬಾಗಿಲು ತಟ್ತಾನೆ, ಮೂರು ಸಲ. ಅಣ್ಣ ತೆಗೆಯಲ್ಲ. ಹಿಂದೆ ಬಂದ ಶತ್ರುಗಳು ತಮ್ಮನ್ನ ಬಾಗಿಲ ಮುಂದೇನೇ ಕೊಲ್ತಾರೆ. ಕೋಟೆ ಉಳಿಯುತ್ತೆ. ಕೊನೇಲಿ ರಾಜ ಬಾಗಿಲು ಕಾಯೋನಿಗೆ ಹಾರ ಹಾಕ್ತಾನೆ. ಅವನು ಒಂದೇ ಒಂದು ಮಾತು ಆಡಲ್ಲ. ಪರದೆ ಬೀಳುತ್ತೆ.

ಅವನು ಯಾಕೆ ಬಾಗಿಲು ತೆಗೀಲಿಲ್ಲ? ವಿಶ್ಲೇಷಿಸಿ, ಹತ್ತು ಅಂಕ. ಪ್ರತಿ ವರ್ಷ ಇದೇ ಪ್ರಶ್ನೆ. ಉತ್ತರವೂ ಅದೇ: ಕರ್ತವ್ಯ, ರಾಜನಿಷ್ಠೆ, ತ್ಯಾಗ, ಮೌನ ದುಃಖ. ಈ ನಾಲ್ಕು ಪಾಯಿಂಟ್ ಇದ್ರೆ ಅಂಕ, ಇಲ್ಲಾಂದ್ರೆ ಇಲ್ಲ. ಈ ಪಟ್ಟಿಗೆ ಸ್ಕೀಮ್ ಅಂತಾರೆ. ಕ್ಯಾಂಪಿಗೆ ಒಬ್ಬರು ಹಿರಿಯರಿದ್ರು, ಬಾಯಿ ಬಿಟ್ರೆ "ಸ್ಕೀಮ್ ಪ್ರಕಾರ, ಸ್ಕೀಮ್ ಪ್ರಕಾರ". ಎಲ್ಲರೂ ಅವರನ್ನ ಸ್ಕೀಮ್ ಸಾರ್ ಅಂತಾನೇ ಕರೀತಿದ್ರು. ಹನ್ನೊಂದು ದಿನದಲ್ಲಿ ಅಕ್ಕ ಪೇಪರ್ ಓದೋದನ್ನೇ ಬಿಟ್ಟಿದ್ದಳು. ಪುಟದ ಮೇಲೆ ಕಣ್ಣಾಡಿಸಿ ಪಾಯಿಂಟ್ ಹುಡುಕೋದು, ಅಂಕ ಹಾಕೋದು, ಮುಂದಿನ ಪೇಪರ್. ನಮ್ಮಂಥವರು ಗುಂಡಿ ಹೊಲಿಯೋ ಹಾಗೆ.

ಅವತ್ತಿನ ಕೊನೇ ಪೇಪರಲ್ಲಿ ನಾಲ್ಕು ಪಾಯಿಂಟಲ್ಲಿ ಒಂದೂ ಇರಲಿಲ್ಲ. ಬರೀ ಒಂದೂವರೆ ಪುಟ ಏನೇನೋ. ಅಕ್ಷರ ಚೆನ್ನಾಗಿದೆ ಅಂತ ಒಂದು ಅಂಕ ಹಾಕಿದಳು. ಎಲ್ಲಾ ಪ್ರಶ್ನೆ ಸೇರಿ ಒಟ್ಟು ಮೂವತ್ಮೂರು. ಪಾಸಾಗೋಕೆ ಮೂವತ್ತೈದು ಬೇಕು. ಕೆಳಗೆ ಒಂದು ಸಾಲಿತ್ತು: "ಇದು ನನ್ನ ಮೂರನೇ ಸಲ. ಹಿಂದೆ ಎರಡು ಸಲವೂ ಇದನ್ನೇ ಬರೆದೆ. ದಯವಿಟ್ಟು ಓದಿ. ಇನ್ನು ಬರೆಯುವುದಿಲ್ಲ."

ಆ ಕೋರ್ಸಲ್ಲಿ ಮೂರು ಸಲ ಫೇಲಾದ್ರೆ ಮುಗೀತು, ನಾಲ್ಕನೇ ಸಲ ಕೂರೋಕೆ ಬಿಡಲ್ಲ. ಅಕ್ಕನಿಗೆ ಅದು ಗೊತ್ತು. ಆದ್ರೆ ಪೇಪರಲ್ಲಿ ಇಂಥ ಅರ್ಜಿ ಎಷ್ಟು ನೋಡಿಲ್ಲ ಅವಳು? ಅಮ್ಮನಿಗೆ ಹುಷಾರಿಲ್ಲ ಪಾಸ್ ಮಾಡಿ, ಕಾಲು ಮುರಿದಿದೆ ಪಾಸ್ ಮಾಡಿ. ಒಬ್ಬ ಮಹಾರಾಯ, ನಮ್ಮ ನಾಯಿ ಸತ್ತಿದೆ ಅಂತ ಬರೆದಿದ್ದ. ಇದೂ ಅಂಥದ್ದೇ ಅಂತ ಮಡಚಿ ಪೇಪರ್ ಕಟ್ಟಿಗೆ ಸೇರಿಸಿ ಎದ್ದುಬಿಟ್ಟಳು.

ಈಗ ಬಾವಿ ಹತ್ರ ಬರೋಣ.

ಬಾವಿ ಕಟ್ಟೆ ಹತ್ತು ಹೆಜ್ಜೆ ಇದೆ ಅನ್ನೋವಾಗ... ಸದ್ದು ಬಂತು.

ಟಕ್.

ಅಕ್ಕ ನಿಂತಳು.

ಟಕ್... ಟಕ್.

ಕಲ್ಲಿನ ಸದ್ದಲ್ಲ. ಆ ಜಾಲರಿಯದೂ ಅಲ್ಲ, ಕಬ್ಬಿಣ ಆಗಿದ್ರೆ ಝಣ್ ಅನ್ನಬೇಕಿತ್ತು. ಮರದ ಮೇಲೆ, ದಪ್ಪ ಮರದ ಮೇಲೆ, ಬೆರಳ ಗೆಣ್ಣಿನಿಂದ ಬಡಿದ ಸದ್ದು. ಅಲ್ಲಿ ಮರದ ಬಾಗಿಲೂ ಇಲ್ಲ, ಮಣ್ಣೂ ಇಲ್ಲ.

ಕಟ್ಟೆ ಮೇಲೆ ಒಬ್ಬ ಕೂತಿದ್ದ. ಬೆನ್ನು ಈ ಕಡೆ. ತಲೆ ಎದೆ ಮೇಲೆ ಜೋತುಬಿದ್ದಿತ್ತು, ತೂಕಡಿಸೋರ ಹಾಗೆ.

"ಯಾರಪ್ಪಾ?" ಅಂದಳು ಅಕ್ಕ. ಅಲ್ಲೆಲ್ಲೋ ಗೋಡೌನಿನ ವಾಚ್‌ಮನ್ ಇರಬೇಕು ಅಂದ್ಕೊಂಡಿದ್ದಾಳೆ.

"ಬಾಗಿಲು ಕಾಯೋನಮ್ಮಾ..."

ಪಿಸುಮಾತು. ಗಂಟಲಲ್ಲಿ ಮರಳು ಇದ್ದ ಹಾಗೆ.

"ಏನಾಗ್ಬೇಕಿತ್ತು?"

"ಕರ್ತವ್ಯ ಅಂತ ಬರೀಬೇಡಿ ಅನ್ನಿ ಮಕ್ಕಳಿಗೆ."

ಅಕ್ಕನಿಗೆ ಓಡಬೇಕು ಅನ್ನಿಸ್ತಂತೆ. ಕಾಲು ಏಳಲಿಲ್ಲ. ಆಮೇಲೆ ಇದನ್ನ ಹೇಳುವಾಗ ನಾನಂದೆ, "ಕಿರುಚಬೇಕಿತ್ತು ಕಣೇ ಅಕ್ಕಾ!" ಅವಳಂದಳು, "ಹೆದರೋಕೂ ಸುಸ್ತಾಗಿತ್ತು ಕಣೇ."

"ಮತ್ತೆ... ಯಾಕೆ ತೆಗೀಲಿಲ್ಲ?" ಅಂತ ಕೇಳಿದಳು. ಇಪ್ಪತ್ತಾರು ವರ್ಷ ಮಕ್ಕಳನ್ನ ಕೇಳಿದ ಬಾಯಿ, ತಾನಾಗೇ ಬಂದುಬಿಡ್ತು.

ಅವನು ತಲೆ ಎತ್ತದೇ ಹೇಳಿದ.

"ಮೂರು ರಾತ್ರಿ ಎದ್ದೇ ಇದ್ದೆ. ಪಾಳಿ ಬದಲಾಯಿಸೋಕೆ ಯಾರೂ ಬರಲಿಲ್ಲ. ಗೋಡೆಗೆ ಒರಗಿದ್ದೆ. ತಟ್ಟಿದ್ದು ಕೇಳಿಸ್ತು."

"ಕೇಳಿಸ್ತಾ?"

"ಮೂರು ಸಲವೂ. ಇನ್ನೊಂದು ಸಲ ತಟ್ಟಿದ್ರೆ ಏಳೋಣ ಅಂದ್ಕೊಂಡೆ..."

"ಆಮೇಲೆ?"

"ತಟ್ಟಲಿಲ್ಲ."

ಅಷ್ಟೇ. ಅಕ್ಕ ಕಣ್ಣು ಒರೆಸ್ಕೊಂಡು ನೋಡಿದ್ರೆ ಕಟ್ಟೆ ಖಾಲಿ. ಜಾಲರಿ ಹಾಗೇ ಇದೆ. ಕೆಳಗಡೆ ಎಲ್ಲೋ ನೀರು... ತೊಟ್... ತೊಟ್...

ನೀವಾಗಿದ್ರೆ ಏನು ಮಾಡ್ತಿದ್ರಿ? ಮನೆಗೆ ಬಿದ್ದಂಬೀಳ ಓಡ್ತಿದ್ರಿ, ನಾನೂ ಅಷ್ಟೇ. ಅಕ್ಕನಿಗೂ ಮನೆ ಕಾಣ್ತಾನೇ ಇತ್ತು ಅಂತ ಇಟ್ಕೊಳ್ಳಿ, ಕಾಲು ಗಂಟೆ ದಾರಿ. ಹಾಸಿಗೆ ನೆನಪಾಯ್ತಂತೆ. ಆ ಕೊನೇ ಪೇಪರನ್ನ ಬೆಳಿಗ್ಗೆ ಬೇಗ ಹೋಗಿ ಓದಿದ್ರಾಯ್ತು ಅಂದ್ಕೊಂಡಳಂತೆ. ಹಾಗಂದ್ಕೊಂಡ ತಕ್ಷಣ ನಿಂತುಬಿಟ್ಟಳು. ಅದು ಆ ಬಾಗಿಲು ಕಾಯೋನ ಮಾತೇ ಅಂತ ಅವಳಿಗೆ ಗೊತ್ತಾಯ್ತು.

ತಿರುಗಿ ಕಾಲೇಜಿಗೆ ನಡೆದಳು.

ಗೇಟು ತೆರೆದೇ ಇತ್ತು, ಪೇಪರ್ ತಿದ್ದೋ ಹಾಲ್‌ನ ಬಾಗಿಲೂ ತೆರೆದಿತ್ತು. ಸ್ಕೀಮ್ ಸಾರ್ ಒಬ್ಬರೇ ಕಟ್ಟುಗಳ ಮಧ್ಯೆ ಕೂತು ಪಟ್ಟಿ ಬರೀತಿದ್ರು.

"ಏನ್ ಮೇಡಂ, ಮನೆಗೆ ಹೋಗಿಲ್ವಾ?"

"ಒಂದು ಪೇಪರ್ ನಾನು ಓದಿಲ್ಲ, ಸಾರ್. ತೆಗೀರಿ."

"ಓದದೇ ಅಂಕ ಹಾಕಿದ್ರಾ?"

"ಹಾಕಿದೆ."

ಪಾಪ, ಅವರಿಗೇ ಇರುಸುಮುರುಸಾಯ್ತು. "ಕಟ್ಟಿಗೆ ಸೀಲ್ ಆಗಿದೆ ಮೇಡಂ. ನಾಳೆ ನೋಡೋಣ ಬಿಡಿ."

"ನಾಳೆ ಬೆಳಿಗ್ಗೆ ಆರಕ್ಕೆ ಕಟ್ಟುಗಳನ್ನ ಒಯ್ಯೋಕೆ ಗಾಡಿ ಬರುತ್ತೆ ಅಂತ ನೀವೇ ಹೇಳಿದ್ದು."

"ಅಲ್ಲಾ, ಒಬ್ಬರಿಗೋಸ್ಕರ ಇಷ್ಟು..."

"ಒಬ್ಬರೇ ಸಾರ್. ಒಬ್ಬರೇ ಹೊರಗಿರೋದು."

ಅದೇನು ಅರ್ಥವಾಯ್ತೋ ಅವರಿಗೆ, ಅಕ್ಕನ ಮುಖ ನೋಡಿ ಸುಮ್ಮನೆ ಕತ್ತರಿ ತಗೊಂಡ್ರು. ಕಟ್ಟು ಬಿಚ್ಚಿದ್ರು. ಅಕ್ಕ ನಿಂತುಕೊಂಡೇ ಓದಿದಳು.

"ಬಾಗಿಲು ಕಾಯುವವನು ಧೀರನೂ ಅಲ್ಲ, ಕ್ರೂರಿಯೂ ಅಲ್ಲ. ಅವನು ದಣಿದಿದ್ದ. ಎರಡನೇ ಅಂಕದಲ್ಲಿ ಅಡುಗೆಯವಳು, ಇವನಿಗೆ ಮೂರು ರಾತ್ರಿಯಿಂದ ಪಾಳಿ ಬದಲಾಗಿಲ್ಲ ಎನ್ನುತ್ತಾಳೆ. ನೋಡುವವರು ನಗುತ್ತಾರೆ. ಕೊನೆಯಲ್ಲಿ ಅವನು ಮಾತಾಡದಿರುವುದು ದುಃಖದಿಂದಲ್ಲ, ನಾಚಿಕೆಯಿಂದ. ಇನ್ನೊಂದು ಸಲ ತಟ್ಟಿದರೆ ಏಳೋಣ ಎಂದುಕೊಂಡಿರಬೇಕು. ತಟ್ಟಲಿಲ್ಲ."

ಅಡುಗೆಯವಳ ಆ ಮಾತನ್ನ ಅಕ್ಕ ಪ್ರತಿ ವರ್ಷ ಹಾಸ್ಯ ಅಂತ ಹಾರಿಸಿ ಪಾಠ ಮಾಡಿದ್ದಾಳೆ, ಗೊತ್ತಾ? ಪುಸ್ತಕದಲ್ಲೇ ಇತ್ತು ಅದು, ಕಣ್ಣೆದುರಿಗೇ.

"ಸ್ಕೀಮಲ್ಲಿ ಇಲ್ವಲ್ಲ ಇದು," ಅಂದ್ರು ಸಾರ್, ಮೆಲ್ಲಗೆ.

"ನಾಟಕದಲ್ಲಿದೆ," ಅಂದಳು ಅಕ್ಕ. ಒಂದು ಹೊಡೆದುಹಾಕಿ ಏಳು ಬರೆದು ಸಹಿ ಹಾಕಿದಳು. ಮೂವತ್ಮೂರು ಮೂವತ್ತೊಂಬತ್ತಾಯ್ತು. ಆ ಮಗು ಗಂಡೋ ಹೆಣ್ಣೋ ನಮಗೆ ಗೊತ್ತಿಲ್ಲ, ನಂಬರ್ ಮೇಲೆ ಕಾಗದ ಅಂಟಿಸಿರ್ತಾರೆ. ಪಾಸಾಯ್ತು, ಅಷ್ಟು ಗೊತ್ತು.

ನಾನು ಖುಷಿಯಾಗಿ, "ಒಳ್ಳೇದು ಮಾಡಿದೆ ಕಣೇ ಅಕ್ಕಾ" ಅಂದೆ. ಅವಳಿಗೆ ಅಳು ಬಂದುಬಿಡ್ತು. "ಹಿಂದಿನ ಎರಡು ಸಲ ತಿದ್ದಿದ್ದು ಯಾರು?" ಅಂದಳು. "ಪ್ರತಿ ಕ್ಯಾಂಪಿಗೂ ನಾನೇ ಹೋಗೋದು. ನಾನೇ ಇರಬಹುದಲ್ವೇನೇ?" ಅವಳ ಬೆನ್ನು ಸವರ್ತಾ ಕೂತೆ.

ನೀವು ನಗ್ತಿದ್ದೀರ, ಗೊತ್ತು. ಸುಸ್ತಾದ ಮೇಷ್ಟ್ರಮ್ಮ, ಕತ್ತಲು, ತೂಕಡಿಕೆ, ಕನಸು ಅಂತ. ನಗಿ. ನಾನೂ ಹಾಗೇ ಅಂದಿದ್ದೆ. ಆದ್ರೆ ಇನ್ನೊಂದು ಹೇಳಿಬಿಡ್ತೀನಿ ಕೇಳಿ. ಮಾರನೇ ದಿನ ಬೆಳಿಗ್ಗೆ ಅಕ್ಕ ನಮ್ಮನೆಗೆ ಬಂದು ಎರಡೂ ಅಂಗೈ ಚಾಚಿದಳು. ಅಡ್ಡಕ್ಕೆ, ಈ ಕೈಯಿಂದ ಆ ಕೈವರೆಗೆ ನೇರ, ನನ್ನ ಮಣಿಕಟ್ಟಿನಷ್ಟು ಅಗಲಕ್ಕೆ ಕಪ್ಪು ಜಿಡ್ಡಿನ ಪಟ್ಟೆ. ಚರ್ಮ ಅಲ್ಲಲ್ಲಿ ಕಿತ್ತು ಬಂದಿತ್ತು, ಭಾರವಾದ ತೊಲೆ ಎತ್ತಿದೋರಿಗೆ ಆಗೋ ಹಾಗೆ. ಆ ರಾತ್ರಿ ಪೇಪರು, ಕೆಂಪು ಪೆನ್ನು ಬಿಟ್ಟು ಬೇರೇನೂ ಮುಟ್ಟಿಲ್ಲ ಅಂತಾಳೆ. ಸೋಪಿಗೆ ಹೋಗಲಿಲ್ಲ. ನಾನೇ, ಈ ಕೈಯಲ್ಲೇ, ಸೀಮೆಎಣ್ಣೆ ಹಾಕಿ ಮೂರು ದಿನ ಉಜ್ಜಿದ್ದೀನಿ.